ದಿನ ಬಿಟ್ಟು ದಿನದ ಜೋಡಿ

ನನ್ನ ಜೋಡಿ ಫಕೀರವ್ವನಿಗೆ,

ಬೀಬವ್ವ ಬರೆಯುವ ಸಲಾಮು. ನಿನಗೆ ಅಕ್ಷರ ಬರುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಾನು ಹಳಿಯಾಳದ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಪಾಸಾದವಳು ಎಂದು ನಿನ್ನ ಮುಂದೆ ಎಷ್ಟು ಸಲ ಬಡಾಯಿ ಕೊಚ್ಚಿಕೊಂಡಿದ್ದೆನೋ. ಪ್ರತಿಸಲವೂ ನೀನು, "ಓದಿದಾಕೀಗೂ ಚಳಿ ಬರ್ತೈತಿ, ಓದಲಾರದಾಕೀಗೂ ಬರ್ತೈತಿ. ಸುಮ್ಮನ ಹೊಚಗೊಂಡು ಮಲಕೋ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀನಿರುವಲ್ಲಿ ಓದಿ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ. ಹೆಗಲ ಮೇಲೆ ಕೂತು ಪಾಪ ಪುಣ್ಯ ಬರೆಯುವ ಫರಿಸ್ತೆಗಳ ಸಂಗತಿ ಹೇಳಿದ್ದೆನಲ್ಲ, ಅವರಲ್ಲೊಬ್ಬರನ್ನು ಹಿಡಿದು ಕೂರಿಸಿಕೋ. ನಿನ್ನ ಪುಣ್ಯ ಬರೆದು ಬರೆದು ಅವರ ಕೈ ಸೋತಿರಬೇಕು. ಓದುವ ಕೆಲಸ ಕೊಟ್ಟರೆ ಅವರಿಗೂ ಸ್ವಲ್ಪ ಆರಾಮ.

ಮೊದಲ ದಿನ ನನ್ನನ್ನು ದವಾಖಾನೆಯ ಮುಂದೆ ಬಂಡಿಯಿಂದ ಇಳಿಸಿದ್ದು ನಿನಗೆ ನೆನಪಿದೆಯೇ? ಕಟ್ಟಿಗೆ ಸಾಗಿಸುವ ಬಂಡಿ ಅದು, ತಲೆಗೂದಲ ತುಂಬ ಗರಗಸದ ಪುಡಿ. ನಮ್ಮವರು ದಾಂಡೇಲಿಯ ಕಟ್ಟಿಗೆ ಕೊಯ್ಯುವ ಕಾರಖಾನೆಯಲ್ಲಿ ಯಂತ್ರ ರಿಪೇರಿಯ ಮಿಸ್ತ್ರಿ. ಯುದ್ಧಕ್ಕೆಂದು ಎಡೆಬಿಡದೆ ದಿಮ್ಮಿ ಕೊಯ್ಯುತ್ತಿದ್ದ ಕಾಲ ಅದು, ಅವರಿಗೆ ರಜೆ ಎಂಬ ಮಾತೇ ಇರಲಿಲ್ಲ. ನನ್ನ ಅಮ್ಮಿ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಹೊಟ್ಟೆಯಲ್ಲಿ ಚೊಚ್ಚಲ ಕೂಸು, ಮೈಯಲ್ಲಿ ದಿನ ಬಿಟ್ಟು ದಿನ ಬರುವ ಚಳಿಜ್ವರ, ಮನೆಯಲ್ಲಿ ಒಂದು ಗುಟುಕು ನೀರು ಕೊಡುವವರಿಲ್ಲ. ದವಾಖಾನೆಗೆ ಹೋದರೆ ನರ್ಸಮ್ಮ ಇರುತ್ತಾಳೆ, ಬಿಳಿ ಹಾಸಿಗೆ ಇರುತ್ತದೆ ಎಂದು ನಮ್ಮವರು ಸಮಾಧಾನ ಹೇಳಿ ಕಳಿಸಿದ್ದರು. ಇಳಿದು ನೋಡುತ್ತೇನೆ, ದವಾಖಾನೆ ಎಂದರೆ ಹೆಂಚಿನ ಎರಡು ಕೋಣೆ. ಒಳಗೆ ಹಿಡಿಸದೆ ಜನ ಜಗಲಿಗೆ ಬಂದಿದ್ದರು, ಜಗಲಿ ತುಂಬಿ ಅಂಗಳಕ್ಕೆ, ಅಂಗಳವೂ ತುಂಬಿ ಪಕ್ಕದ ಕಟ್ಟಿಗೆ ಅಡ್ಡೆಯ ತಗಡಿನ ಛಪ್ಪರಕ್ಕೆ. ಸೂಪಾದ ಕಾಡಿನಿಂದ ಬಂದವರು, ಹಳಿಯಾಳದ ಪೇಟೆಯವರು, ಮುಂಡಗೋಡ ಕಡೆಯ ಕೂಲಿಯವರು, ಎಲ್ಲರೂ ತೇಗದ ದಿಮ್ಮಿಗಳ ಸಂದಿಯಲ್ಲಿ ಕಂಬಳಿ ಸುತ್ತಿಕೊಂಡು ಬಿದ್ದಿದ್ದರು. ನಡುಕಕ್ಕೆ ಹಗ್ಗ ಹೆಣೆದ ಹೊರಸುಗಳು ಗಡಗಡ ಅನ್ನುತ್ತಿದ್ದವು. ಇಷ್ಟು ಜನರಲ್ಲಿ ನನ್ನನ್ನು ಯಾರು ನೋಡಿಯಾರು ಎಂದು ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ.

ಡಾಕ್ಟರ್ ಸಾಹೇಬರು ಆಗ ನನ್ನ ಮುಂದೆ ಬಂದು ನಿಂತರು. ನಾಡಿ ಹಿಡಿಯಲಿಲ್ಲ, ನಾಲಗೆ ನೋಡಲಿಲ್ಲ. ಕೇಳಿದ್ದು ಒಂದೇ ಮಾತು: "ನಿಂದು ಇವತ್ತೇನು, ನಾಳೆ ಏನು?" ನನಗೆ ಅರ್ಥವಾಗಲಿಲ್ಲ. "ಚಳಿ ಬರೂ ದಿನ ಯಾವುದವ್ವಾ? ಇವತ್ತಿಂದೋ ನಾಳೆದೋ?" ಎಂದರು. ಇವತ್ತಿನದು ಎಂದೆ. ಅವರು ಛಪ್ಪರದ ಕಡೆ ತಿರುಗಿ, "ನಾಳೆದಾಕಿ ಯಾರರೆ ಖಾಲಿ ಅದಾರೇನು?" ಎಂದು ಕೂಗಿದರು. ದಿಮ್ಮಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ ನೀನು ಕೈ ಎತ್ತಿದೆ. ಸಂತೆಯಲ್ಲಿ ಎಮ್ಮೆ ಜೋಡಿ ಮಾಡಿದ ಹಾಗೆ ನಮ್ಮಿಬ್ಬರನ್ನು ಜೋಡಿ ಮಾಡಿ, ಒಂದು ಹೊರಸು ತೋರಿಸಿ ಹೋಗಿಬಿಟ್ಟರು.

ಆ ಜೋಡಿಯ ರೀತಿ ನೀನು ನನಗೆ ವಿವರಿಸಿದ್ದು ಈಗಲೂ ಕಿವಿಯಲ್ಲಿದೆ. "ನಿನಗ ಚಳಿ ಬಂದ ದಿನ ನಾ ನೆಟ್ಟಗಿರ್ತೇನಿ, ನಿನ್ನ ನೋಡ್ಕೋತೇನಿ. ನನಗ ಬಂದ ದಿನ ನೀ ನೆಟ್ಟಗಿರ್ತಿ, ನನ್ನ ನೋಡ್ಕೋಬೇಕು. ಹೊರಸು ಒಂದ. ಇವತ್ತು ನೀ ಮಲಕೋ, ನಾಳೆ ನಾ ಮಲಕೋತೇನಿ." ಆ ದವಾಖಾನೆಯಲ್ಲಿ ಇದ್ದವರು ಒಬ್ಬ ಡಾಕ್ಟರು, ಒಬ್ಬ ಕಂಪೌಂಡರ್. ನರ್ಸಮ್ಮ ತಾನೇ ಜ್ವರ ಬಂದು ಊರಿಗೆ ಹೋಗಿದ್ದಳು. ಡಾಕ್ಟರಿಗೂ ದಿನ ಬಿಟ್ಟು ದಿನ ಚಳಿ. ಕೈಗಳೇ ಇಲ್ಲದ ಕಡೆ ಅವರು ರೋಗಿಗಳಿಂದಲೇ ಕೈಗಳನ್ನು ಹುಟ್ಟಿಸಿದ್ದರು. ಅರ್ಧ ಛಪ್ಪರ ನಡುಗುತ್ತ ಮಲಗಿದ್ದರೆ, ಇನ್ನರ್ಧ ಛಪ್ಪರ ಕೌದಿ ಹೊದಿಸುತ್ತ, ಗಂಜಿ ಕಾಯಿಸುತ್ತ, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಓಡಾಡುತ್ತಿತ್ತು. ಮರುದಿನ ನೋಡಿದರೆ ಓಡಾಡಿದವರೆಲ್ಲ ಮಲಗಿದ್ದಾರೆ, ಮಲಗಿದ್ದವರೆಲ್ಲ ಎದ್ದು ಓಡಾಡುತ್ತಿದ್ದಾರೆ! ನಾನು ಬಾಯಿ ತೆರೆದು ನೋಡುತ್ತ ಕೂತಿದ್ದೆ. ಇದನ್ನು ಯಾವ ದೊಡ್ಡ ಶಹರದ ದವಾಖಾನೆಯಲ್ಲಾದರೂ ಕಂಡಿದ್ದೀರಾ ಎಂದು ಯಾರನ್ನಾದರೂ ಕೇಳಬೇಕೆನಿಸುತ್ತದೆ. ಒಂದೇ ಕಟ್ಟುನಿಟ್ಟು: ಜೋಡಿ ಇಲ್ಲದವರಿಗೆ ಅಲ್ಲಿ ಜಾಗವಿಲ್ಲ. ನೋಡಿಕೊಳ್ಳುವವರಿಲ್ಲದೆ ಇಟ್ಟುಕೊಂಡರೆ ಬಾಯಾರಿಯೇ ಸತ್ತುಹೋಗುತ್ತಾರೆ ಎಂದು ಡಾಕ್ಟರು ಅಂಥವರನ್ನು, ಮನೆಯವರು ಯಾರಾದರೂ ನೋಡಿಯಾರು ಎಂಬ ಆಸೆಯ ಮೇಲೆ, ವಾಪಸು ಕಳಿಸುತ್ತಿದ್ದರು. ಕಳಿಸುವಾಗ ಅವರು ಮುಖ ತಿರುಗಿಸಿಕೊಳ್ಳುತ್ತಿದ್ದುದನ್ನು ನಾವಿಬ್ಬರೂ ನೋಡಿದ್ದೇವೆ.

ನಮ್ಮ ಮೊದಲ ಜಗಳ ಮರುದಿನವೇ ಆಯಿತಲ್ಲ, ಹೇಳು. ಅದಕ್ಕೂ ಆ ಕುಮಟೆಯ ಕಂಪೌಂಡರೇ ಕಾರಣ. ಫಕೀರವ್ವ ಎಂಬ ಹೆಸರು ಕೇಳಿ ನೀನು ನಮ್ಮ ಜಾತಿಯವಳೇ ಎಂದುಕೊಂಡು, ಇಬ್ಬರಿಗೂ ಸೇರಿ ಒಂದೇ ಕೊಡ ಕೊಟ್ಟುಹೋಗಿದ್ದ. ನಿನ್ನ ಹಣೆಯ ಮೇಲೆ ಅಷ್ಟಗಲ ಕುಂಕುಮವಿತ್ತು, ಅದೂ ಅವನಿಗೆ ಕಾಣಲಿಲ್ಲ! ಹುಟ್ಟಿದ ಮಕ್ಕಳು ಉಳಿಯದೆ ಹೋದಾಗ ನಿಮ್ಮವ್ವ ದರ್ಗಾಕ್ಕೆ ಹರಕೆ ಹೊತ್ತು ನಿನ್ನನ್ನು ಹಡೆದದ್ದಂತೆ, ಅದಕ್ಕೇ ಆ ಹೆಸರಂತೆ. ನಿಮ್ಮೂರು ಚಿಗಳ್ಳಿಯಲ್ಲಿ ಓಣಿಗೊಬ್ಬರು ಫಕೀರಪ್ಪ ಇದ್ದಾರೆಂದು ನೀನು ಹೇಳಿದ್ದು ಆಮೇಲೆ. ಅವತ್ತು ನಿನ್ನ ಪಾಳಿ. ಜ್ವರ ಏರಿ ತುಟಿ ಒಣಗಿ ಬಿರಿದಿದ್ದವು. ನಾನು ತಂಬಿಗೆ ಬಾಯಿಗಿಟ್ಟರೆ ನೀನು ಹಲ್ಲು ಕಚ್ಚಿಕೊಂಡೆ. "ಬ್ಯಾಡ. ನಿನ್ನ ಕೈ ನೀರು ಕುಡದ್ರ ನಮ್ಮತ್ತಿ ಒಳಗ ಕರಕೊಳ್ಳೂದಿಲ್ಲ" ಎಂದೆ. ನನ್ನ ನಾಲಗೆ ನಿನಗೆ ಗೊತ್ತೇ ಇದೆ. "ಹಂಗಾದ್ರ ಜೀವ ಬಿಡು, ಜಾತಿ ಉಳೀತೈತಿ. ನಿಮ್ಮತ್ತಿ ಹೆಣಾನರೆ ಒಳಗ ಕರಕೊಂಡಾಳು" ಎಂದುಬಿಟ್ಟೆ. ನೀನು ಕಣ್ಣು ಕೆಂಪಗೆ ಮಾಡಿ ನನ್ನನ್ನು ನೋಡಿದೆ, ಆಮೇಲೆ ತಂಬಿಗೆ ಕಸಿದುಕೊಂಡು ತಳ ಕಾಣುವ ತನಕ ಗಟಗಟ ಕುಡಿದೆ. "ನೀರಡಿಕಿ ಆಗಿ ಕುಡೀಲಿಲ್ಲ, ನಿನ್ನ ಬಾಯಿಗೆ ಹೆದರಿ ಕುಡದೆ" ಎಂದು ಮರುದಿನ ಇಡೀ ಛಪ್ಪರಕ್ಕೆ ಕೇಳುವ ಹಾಗೆ ಹೇಳಿದೆ. ಪಕ್ಕದ ಹೊರಸಿನ ದೇವಕಿಬಾಯಿ, ಆ ಸೂಪಾ ಕಡೆಯ ಕೊಂಕಣಿ ಮುದುಕಿ, ಮಾತು ಅರ್ಧ ತಿಳಿಯದಿದ್ದರೂ ನಕ್ಕಿದ್ದೇ ನಕ್ಕಿದ್ದು.

ಒಂದು ಸಂಜೆ ನೀನು ನಿನ್ನ ಕಥೆ ಹೇಳಿದೆ. ಗಂಡ ಬಸಪ್ಪನ ಜೊತೆ ಮರ ಕಡಿಯುವ ಕೂಲಿಗೆ ಸೂಪಾದ ಕಾಡಿಗೆ ಹೋಗಿದ್ದು, ಅಲ್ಲಿ ಇದೇ ಜ್ವರ ಬಂದು ಹೊಟ್ಟೆಯೊಳಗಿನ ಕೂಸು ಹೋಗಿದ್ದು. "ಹಗಲೆಲ್ಲಾ ನಡುಗಿದೆ ಬೀಬವ್ವಾ. ಒಂದು ಕೌದಿ ಹೊಚ್ಚಾವ್ರಿದ್ದಿಲ್ಲ. ಗಂಡಸ್ರೆಲ್ಲಾ ಕೆಲಸಕ್ಕ ಹೋಗಿದ್ರು. ಅದು ನನ್ನ ಕೂಡ ನಡುಗಿ ನಡುಗಿ..." ಎಂದು ನಿಲ್ಲಿಸಿದೆ. ಸಾಹೇಬರು ನನಗೂ ಸ್ಪಷ್ಟವಾಗಿ ಹೇಳಿದ್ದರು: ಕ್ವಿನೈನ್ ತರುವ ಹಡಗುಗಳೇ ಬರುತ್ತಿಲ್ಲ, ಸಿಕ್ಕಷ್ಟು ಗುಳಿಗೆಯಲ್ಲಿ ಎಲ್ಲರೂ ಬದುಕಬೇಕು. ಚಳಿ ಬಂದಾಗ ಮೈ ಬೆಚ್ಚಗಿಡಬೇಕು, ಜ್ವರ ಏರಿದಾಗ ಒದ್ದೆ ಬಟ್ಟೆ ತಪ್ಪಿಸಬಾರದು, ಬೆವರು ಬಿಟ್ಟ ಕೂಡಲೇ ಗಂಜಿ ಹೋಗಬೇಕು. ಇಷ್ಟಾದರೆ ಕೂಸು ಉಳಿಯಬಹುದು, ಒಂದು ತಪ್ಪಿದರೂ ಹೇಳಲಾಗದು. ಅದನ್ನು ನೀನು ನನಗಿಂತ ಹೆಚ್ಚು ಗಮನವಿಟ್ಟು ಕೇಳಿಸಿಕೊಂಡಿದ್ದೆ. ಅಂದಿನಿಂದ ಪ್ರತಿ ಪಾಳಿಯಲ್ಲೂ ಕೌದಿಯೊಳಗೆ ಕೈ ತೂರಿಸಿ ನನ್ನ ಹೊಟ್ಟೆಯ ಮೇಲಿಟ್ಟು, ಒಳಗೆ ಅಲುಗುವ ತನಕ ತೆಗೆಯುತ್ತಿರಲಿಲ್ಲ. "ಹೊರಳ್ತು ನೋಡು. ಅಡ್ಡಿ ಇಲ್ಲ. ಇದನ್ನ ನಾ ದಂಡಿ ಹತ್ತಸ್ತೇನಿ" ಎನ್ನುತ್ತಿದ್ದೆ. ನಮ್ಮವರೂ ನನ್ನ ಹೊಟ್ಟೆಯನ್ನು ಅಷ್ಟು ಮುಟ್ಟಿ ನೋಡಿರಲಿಲ್ಲ.

ವಿಚಿತ್ರ ನೋಡು, ನಾವಿಬ್ಬರೂ ಒಂದೇ ದಿನ ಸುಖವಾಗಿ ಇದ್ದದ್ದೇ ಇಲ್ಲ. ನಿನ್ನ ನಗೆಯನ್ನು ನಾನು ನೋಡಿದ್ದೆಲ್ಲ ಚಳಿಯ ನಡುಕದೊಳಗಿಂದ. ನನ್ನ ಬಡಾಯಿ ನೀನು ಕೇಳಿದ್ದೆಲ್ಲ ಜ್ವರದ ಮಂಪರಿನಲ್ಲಿ. ಇಬ್ಬರೂ ನೆಟ್ಟಗಾದ ಮೇಲೆ ಒಂದು ದಿನ ಕಾಳಿ ಹೊಳೆಯ ದಂಡೆಗೆ ಹೋಗಿ ರೊಟ್ಟಿ ತಿಂದು ಬರೋಣ ಎಂದು ಮಾತಾಡಿಕೊಂಡಿದ್ದೆವು. "ಹೋಗೂಣು, ಆದ್ರ ರೊಟ್ಟಿ ನಾನ ಬಡೀತೇನಿ. ನೀ ಬಡದ ರೊಟ್ಟಿ ಎತ್ತಿನ ಕೊಳ್ಳಾಗ ಕಟ್ಟಿದ್ರ ಗಂಟಿ ಹಂಗ ಬಾರಸ್ತಾವು" ಎಂದು ನೀನು ಹೇಳಿದ್ದೆ.

ಆಮೇಲೆ ಬಂತು ದಿನಜ್ವರ. ಕೆಲವರ ಪಾಳಿ ತಪ್ಪಿ ದಿನವೂ ಜ್ವರ ಬರತೊಡಗಿತು. ಅಂಥವರ ಜೀವಕ್ಕೆ ಅಪಾಯ ಎಂದು ಸಾಹೇಬರು ಉಳಿದಿದ್ದ ಚುಚ್ಚುಮದ್ದನ್ನೆಲ್ಲ ಅವರಿಗೇ ಮೀಸಲಿಟ್ಟಿದ್ದರು. ಬೆಳಿಗ್ಗೆ ಛಪ್ಪರದಲ್ಲಿ ಸುತ್ತುವಾಗ ಪ್ರತಿ ಹೊರಸಿನ ಮುಂದೆ ನಿಂತು, ಮಲಗಿದವರನ್ನು ನೋಡಿ, ಕೂತವರನ್ನು ಬಾಯಿಮಾತಿನಲ್ಲಿ ಮಾತ್ರ ಕೇಳುತ್ತಿದ್ದರು: "ನಿಂದು ಇವತ್ತಲ್ಲ ಹೌದಲ್ಲೋ?" ಎಲ್ಲರ ಮೈ ಮುಟ್ಟಿ ನೋಡಲು ಅವರಿಗಾದರೂ ಹೊತ್ತೆಲ್ಲಿತ್ತು? ಯಾರಾದರೂ "ಇವತ್ತೂ ಬಂದೈತ್ರಿ ಸಾಹೇಬ್ರ" ಎಂದರೆ ಅವರನ್ನು ಹೆಂಚಿನ ಕೋಣೆಯೊಳಗೆ ಒಯ್ಯುತ್ತಿದ್ದರು. ಒಳಗೆ ಹೋದವರಿಗೆ ಸೂಜಿ. ಹೊರಗುಳಿದ ಜೋಡಿಗೆ ಬೇರೆ ಜೋಡಿ ಸಿಕ್ಕರೆ ಹೊರಸು, ಸಿಗದಿದ್ದರೆ ಬಂಡಿ. ಆ ವಾರ ನನ್ನ ಪಾಳಿಗೆ ಕೂಡಿಬರುವ ಹೆಂಗಸು ಇಡೀ ಛಪ್ಪರದಲ್ಲಿ ಇನ್ನೊಬ್ಬಳಿರಲಿಲ್ಲ. ಅದು ನಿನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಅವತ್ತು ನನ್ನ ಚಳಿ ಶುರುವಾಗುವಾಗ ನೀನು ಬಾವಿಯಿಂದ ತಡವಾಗಿ ಬಂದೆ. ಬಂದವಳು ನಿನ್ನ ಕೌದಿ ನನ್ನ ಕೌದಿ ಎರಡನ್ನೂ ನನ್ನ ಮೇಲೆ ಹೊದಿಸಿ, ಅದೂ ಸಾಲದೆಂದು ನೀನೇ ನನ್ನನ್ನು ಅವುಚಿ ಹಿಡಿದು ಕೂತೆ. ನಿನ್ನ ಕೈ ಎಷ್ಟು ಬೆಚ್ಚಗಿತ್ತು! ಹಲ್ಲು ಕಟಕಟ ಅನ್ನುವ ಚಳಿಯಲ್ಲಿ ಒಲೆಯ ಪಕ್ಕಕ್ಕೆ ಬಂದು ಮಲಗಿದಂತಾಯಿತು. ಯಾ ಅಲ್ಲಾ, ಎಂಥ ಸುಖ ಎಂದು ನಿನ್ನ ಎರಡೂ ಕೈ ಎಳೆದು ನನ್ನ ಕೊರಳಿಗೆ ಒತ್ತಿಕೊಂಡೆ. ಸಾಹೇಬರು ಬಂದರು. ಕಣ್ಣು ಕೆಂಪಾಗಿದ್ದವು, ಅವತ್ತು ಅವರದೂ ಪಾಳಿಯೇ. ಕಂಪೌಂಡರನ ಹೆಗಲು ಹಿಡಿದು ನಿಂತಿದ್ದರು. "ಫಕೀರವ್ವಾ, ನಿಂದು ಇವತ್ತಲ್ಲ ಹೌದಲ್ಲೋ?" ನೀನು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ನಂದು ನಾಳೆ ಐತ್ರೀ ಸಾಹೇಬ್ರ! ನೀವ ಮೊದಲ ಹೋಗಿ ಮಲಕೋರಿ, ಬಿದ್ದೀರಿ" ಎಂದು ನಕ್ಕೆ. ಅವರೂ ನಕ್ಕರು. ನಾನೂ ನಕ್ಕೆ. ಆ ನಗೆಯನ್ನು ನೆನೆಸಿಕೊಂಡರೆ ಈಗ ನನಗೆ ಮೈ ಜುಮ್ಮೆನ್ನುತ್ತದೆ. ನಿಲ್ಲಲೂ ಆಗದಷ್ಟು ಜ್ವರದಲ್ಲಿ ಒಬ್ಬಳು ಡಾಕ್ಟರಿಗೇ ಹೋಗಿ ಮಲಗಿ ಎಂದು ಬುದ್ಧಿ ಹೇಳುತ್ತಾಳೆಂದರೆ...

ಹಾಗೆ ಎಷ್ಟು ಪಾಳಿ ಕಳೆದವೋ. ಆ ಮಧ್ಯಾಹ್ನ ನನ್ನ ಜ್ವರ ಇಳಿಯುತ್ತ ಬಂದಿತ್ತು, ಬೆವರು ಹರಿಯುತ್ತಿತ್ತು. ನೀನು ಗಂಜಿ ಕುಡಿಸಿ, ಬಟ್ಟಲು ಕೆಳಗಿಟ್ಟು, ಹೊರಸಿನ ಪಕ್ಕ ನೆಲದ ಮೇಲೆ ಕೂತೆ. ಎಂದಿನ ಹಾಗೆ ಕೌದಿಯೊಳಗೆ ಕೈ ತೂರಿಸಿ ಹೊಟ್ಟೆಯ ಮೇಲಿಟ್ಟೆ. ತಲೆ ಹೊರಸಿನ ಅಂಚಿಗೆ ಆನಿಸಿದೆ. "ಹೊರಳ್ತೇನು?" ಎಂದು ನಾನು ಕೇಳಿದೆ. ನೀನು "ಹ್ಞೂಂ" ಎಂದೆ. ನನಗೆ ಜೊಂಪು ಹತ್ತಿತು. ಎಚ್ಚರವಾದಾಗ ಬಿಸಿಲು ಛಪ್ಪರದ ಆಚೆಗೆ ಸರಿದಿತ್ತು, ನಿನ್ನ ಕೈ ಇನ್ನೂ ಅಲ್ಲೇ ಇತ್ತು, ತಣ್ಣಗೆ. ದಣಿದು ನಿದ್ದೆ ಹೋಗಿದ್ದಾಳೆ ಎಂದು ನಾನು ಎಷ್ಟೋ ಹೊತ್ತು ಅಲುಗದೆ ಮಲಗಿದ್ದೆ ಫಕೀರವ್ವಾ. ನೀನು ನಿದ್ದೆ ಮಾಡಿದ್ದನ್ನು ನಾನು ಕಂಡದ್ದೇ ಕಡಿಮೆ. ಕೊನೆಗೆ ದೇವಕಿಬಾಯಿ ಬಂದು ನಿನ್ನ ಹೆಗಲು ಮುಟ್ಟಿದಳು.

ಅವಳೇ ಎಲ್ಲ ಹೇಳಿದ್ದು. ಸಾಹೇಬರು ತಮ್ಮ ಜ್ವರದಲ್ಲೇ ಓಡಿಬಂದು ನಿನ್ನ ಕಣ್ಣು ಬಿಡಿಸಿ ನೋಡಿ, "ಇವತ್ತ ಆಕೀಗೆ ಜ್ವರಾನ ಇಲ್ಲ, ಹೆಂಗ..." ಎಂದು ದಿಮ್ಮಿಯ ಮೇಲೆ ಕುಸಿದಾಗ, ಮುದುಕಿ ತನ್ನ ಭಾಷೆಯಲ್ಲಿ, "ರೋಜ್ ತಾಪ್ ಆಸ್ಲೊ ತಿಕಾ" ಎಂದಳು. ಆಮೇಲೆ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು. ದಿನವೂ ಜ್ವರ ಬರುತ್ತಿತ್ತಂತೆ. ಚಳಿ ಬಂದಾಗ ನೀರಿನ ನೆಪ ಹೇಳಿ ಬಾವಿಯ ಹಿಂದೆ ಹೋಗಿ ಕೂತು, ನಡುಕ ಮುಗಿಸಿಕೊಂಡು ಬರುತ್ತಿದ್ದೆಯಂತೆ. ಕಂಡುಹಿಡಿದದ್ದಕ್ಕೆ ಮುದುಕಿಗೆ ಆಣೆ ಹಾಕಿಸಿದ್ದೆಯಂತೆ. "ನನ್ನ ಒಳಗ ಒಯ್ದ್ರ ಆಕೀನ್ನ ಬಂಡಿ ಹತ್ತಸ್ತಾರ. ಮನ್ಯಾಗ ಆಕೀಗೆ ಯಾರೂ ಇಲ್ಲ, ಕೂಸು ಹೋಗ್ತೈತಿ. ಆಕಿ ಜ್ವರ ಬಿಡೂತನಕ ಸುಮ್ಮನಿರು, ಆಮ್ಯಾಲ ನಾನ ಹೋಗಿ ಸೂಜಿ ಹಾಕಿಸ್ಕೋತೇನಿ" ಎಂದಿದ್ದೆಯಂತೆ. ನಾನು ನಿನ್ನ ಕೈ ಹಿಡಿದುಕೊಂಡು ಕೇಳುತ್ತಿದ್ದೆ. ಅಳು ಬರಲಿಲ್ಲ. ಗುಡ್ಡದಂಥದೇನನ್ನೋ ತಲೆ ಎತ್ತಿ ನೋಡುತ್ತಿದ್ದೇನೆ, ಅದರ ತುದಿ ಕಾಣುತ್ತಿಲ್ಲ, ಹಾಗಾಗಿತ್ತು. ಒಡಹುಟ್ಟಿದವಳಲ್ಲ, ಊರಿನವಳಲ್ಲ, ಮೊನ್ನೆ ಮೊನ್ನೆ ನನ್ನ ಕೈ ನೀರು ಒಲ್ಲೆ ಎಂದವಳು. ಇಷ್ಟು ಕೊಡಲು ನಿನಗೆ ನಾನು ಏನಾಗಬೇಕಿತ್ತೇ?

ನೀನು ನೋಡದೆ ಹೋದದ್ದು ಅದರ ಮುಂದಿನದು. ಸಾಹೇಬರು ಎದ್ದರು. ಅವತ್ತಿನ ತನಕ ಬಾಯಿಮಾತಿನಲ್ಲಿ ಮುಗಿಸುತ್ತಿದ್ದವರು ಈಗ ಛಪ್ಪರದಲ್ಲಿ ನೆಟ್ಟಗಿರುವ ಒಬ್ಬೊಬ್ಬರ ಕೈಯನ್ನೂ ಹಿಡಿದು ನೋಡುತ್ತ ಹೋದರು. ಗಂಜಿ ಕಾಯಿಸುತ್ತಿದ್ದ ಹಳಿಯಾಳದ ಬುಟ್ಟಿ ಹೆಣೆಯುವವನ ಮೈ ಸುಡುತ್ತಿತ್ತು. ಮುದುಕನೊಬ್ಬನ ಕಾಲು ಒತ್ತುತ್ತಿದ್ದ ಮಳಗಿಯ ಹುಡುಗಿಯ ಮೈ ಸುಡುತ್ತಿತ್ತು. ಒಣಗಿದ ಬಟ್ಟೆ ಮಡಚುತ್ತಿದ್ದ ನಮ್ಮ ಪೇಟೆಯ ಅತ್ತರಿನ ಚಾಚಾ ಕೈ ಕೊಡದೆ ಹಿಂದಕ್ಕೆ ಸರಿದರು. ಹಿಡಿದು ನೋಡಿದರೆ ಅವರದೂ ಸುಡುತ್ತಿತ್ತು. ಎಲ್ಲರೂ ತಮ್ಮ ತಮ್ಮ ಜೋಡಿಗಾಗಿ "ನಂದು ಇವತ್ತಲ್ರಿ" ಎಂದವರೇ! ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಸಾಹೇಬರು ನಡುವೆ ನಿಂತು, "ಇಷ್ಟ ಮಂದಿ ಸುಳ್ಳ ಹೇಳವ್ರನ್ನ ನಾ ಹುಟ್ಟಿದಾಗಿಂದ ನೋಡಿದ್ದಿಲ್ಲೋ ಯಪ್ಪಾ" ಎಂದು ಎರಡೂ ಕೈ ಜೋಡಿಸಿದರು. ಯಾರಿಗೆ ಮುಗಿದರೋ ತಿಳಿಯಲಿಲ್ಲ. ಅವರನ್ನೆಲ್ಲ ಆಗಲೇ ಒಳಗೆ ಒಯ್ದು ಸೂಜಿ ಹಾಕಿದರು. ಚಾಚಾ ಉಳಿಯಲಿಲ್ಲ. ಮಳಗಿಯ ಹುಡುಗಿ ಉಳಿದಳು, ಬುಟ್ಟಿಯವನೂ ಉಳಿದ. ಹೊರಗುಳಿದ ಜೋಡಿಗಳನ್ನು ಯಾರನ್ನೂ ಬಂಡಿ ಹತ್ತಿಸಲಿಲ್ಲ. ಮೂರು ಮಂದಿಗೆ ಒಂದು ಹೊರಸು ಎಂದು ಅಂದೇ ರೀತಿ ಬದಲಾಯಿತು. ದೇವಕಿಬಾಯಿ ತನ್ನ ಜ್ವರ ಬಿಟ್ಟಿದ್ದರೂ ಊರಿಗೆ ಹೋಗದೆ ನನ್ನ ಪಕ್ಕ ಬಂದು ಕೂತಳು.

ಮರುದಿನ ಬೆಳಿಗ್ಗೆ ಬಸಪ್ಪ ಸೂಪಾದಿಂದ ಬಂದ. ನಿನ್ನ ಗಂಡ ಅಷ್ಟು ಎತ್ತರದ ಆಳೆಂದು ನೀನು ಹೇಳಿಯೇ ಇರಲಿಲ್ಲ. ಕೊಡಲಿ ಹಿಡಿದೇ ಬಂದಿದ್ದ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಹೆಂಗಸರು ನಿನಗೆ ಎರೆದು, ಹಸಿರು ಬಳೆ ಇಡಿಸಿ, ಕುಂಕುಮ ಹಚ್ಚಿದರು. ಮುತ್ತೈದೆ ಹೋಗುವಾಗ ಉಡಿ ತುಂಬಬೇಕಲ್ಲ. ಯಾರು ತುಂಬುವುದು ಎಂಬ ಮಾತು ಬಂದಾಗ ಬಸಪ್ಪ, "ಆಕಿ ಜೋಡಿ ಯಾರು?" ಎಂದು ಕೇಳಿದ. ನನ್ನನ್ನು ತೋರಿಸಿದರು. ನನ್ನ ದುಪಟ್ಟಾ ನೋಡಿದ, ಹೊಟ್ಟೆ ನೋಡಿದ. "ತಂಗೀ, ನೀನ ತುಂಬು" ಎಂದ. ಬಸುರಿ ಹೆಣದ ಹತ್ತಿರ ಹೋಗಬಾರದೆಂದು ಯಾರೋ ಗೊಣಗಿದರು. ಇಷ್ಟು ದಿನ ಒಂದೇ ಹೊರಸಿನ ಮೇಲೆ ಬದುಕಿದ್ದೇವೆ, ಈಗೇನು ದೂರ ನಿಲ್ಲುವುದು ಎಂದು ನಾನು ಮುಂದೆ ಹೋದೆ. ಗಂಜಿಯ ಚೀಲದಿಂದ ಅಕ್ಕಿ ತಂದರು, ನಿನ್ನದೇ ಸಂಚಿಯಿಂದ ಎಲೆ ಅಡಿಕೆ ತೆಗೆದೆ. ಹೇಗೆ ಹಾಕಬೇಕೋ ನನಗೆ ತಿಳಿಯದು, ಮಳಗಿಯ ಹುಡುಗಿಯ ತಾಯಿ ನನ್ನ ಮೊಣಕೈ ಹಿಡಿದು ಹಾಕಿಸಿದಳು. ನಿನ್ನನ್ನು ಹೊತ್ತವರು ಅವತ್ತು ಪಾಳಿ ಇಲ್ಲದ ಗಂಡಸರು. ಸ್ವಲ್ಪ ದೂರಕ್ಕೊಮ್ಮೆ ಹೆಗಲು ಬದಲಿಸುತ್ತ, ದಣಿದವರು ದಾರಿಬದಿಗೆ ಕೂರುತ್ತ, ಮತ್ತೆ ಎದ್ದು ಬಂದು ಹೆಗಲು ಕೊಡುತ್ತ ಕಾಳಿ ಹೊಳೆಯ ತನಕ ಒಯ್ದರು. ಮರುದಿನ ಅವರೆಲ್ಲರೂ ನಡುಗುತ್ತ ಮಲಗಿದ್ದರು.

ಈಗ ನಿನಗೆ ತಿಳಿಯದ ಸುದ್ದಿ. ಮಳೆ ಹಿಡಿಯುವ ಹೊತ್ತಿಗೆ ನನ್ನ ಜ್ವರ ಬಿಟ್ಟಿತು. ದಾಂಡೇಲಿಗೆ ಬಂದು ಹೆಣ್ಣು ಹಡೆದೆ. ಸಣ್ಣದು, ಆದರೆ ಅತ್ತರೆ ಕಾರಖಾನೆಯ ಗರಗಸದ ಸದ್ದೂ ಕೇಳುವುದಿಲ್ಲ. ಜೈನಾಬಿ ಎಂದು ಹೆಸರಿಟ್ಟಿದ್ದಾರೆ. ನಿನ್ನ ಹೆಸರಿಡಬೇಕೆಂದು ಮನಸ್ಸಿತ್ತು. ಆಮೇಲೆ, ಇದೂ ಇಂಥ ಸುಳ್ಳುಗಾತಿ ಆದರೆ ನನ್ನ ಗತಿ ಏನು ಎಂದು ಹೆದರಿ ಬಿಟ್ಟೆ. ಹಡೆದು ಕೆಲವೇ ದಿನಗಳಾಗಿದ್ದವು. ಬಾಗಿಲಲ್ಲಿ ಗಂಟು ಹೊತ್ತ ಒಬ್ಬ ಮುದುಕಿ ಬಂದು ನಿಂತಳು. ನಮ್ಮವರು ಗಾಬರಿಯಾಗಿ, "ಯೇ ಕೌನ್ ಹೈ?" ಎಂದು ನನ್ನನ್ನು ಕೇಳಿದರು. ನಾನೂ ನೋಡಿದವಳಲ್ಲ. ಆದರೆ ಹಣೆಯ ಮೇಲೆ ಅಷ್ಟಗಲ ಕುಂಕುಮ ಇಟ್ಟುಕೊಂಡು ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವವರು ಇನ್ನಾರಿದ್ದಾರೆ? "ಚಿಗಳ್ಳಿಯಾಕಿ. ಫಕೀರವ್ವನ ತಾಯಿ" ಎಂದಳು. "ತಾಯಿ ಇಲ್ಲದ ಬಾಣಂತಿ ಒಬ್ಬಾಕಿ ಅದಾಳ ಅಂತ ಅಳಿಯ ಹೇಳಿದ. ಬಾಣಂತನ ಮಾಡಾಕ ಬಂದೇನಿ. ನೀರ ಕಾಯಾಕ ಇಟ್ಟೀರಿಲ್ಲೋ?" ಗಂಟಿನಲ್ಲಿ ಬಾಣಂತಿಗೆಂದು ಅಳವಿ ಕಾಳು, ಬೆಲ್ಲ, ಒಣಕೊಬ್ಬರಿ ಇದ್ದವು. ಅಂದಿನಿಂದ ಮನೆ ಆಕೆಯದು. ನಮ್ಮವರು ಕೂಡ ಬೂಟು ಹೊರಗೆ ಬಿಟ್ಟು, ಕೇಳಿ ಒಳಗೆ ಬರುತ್ತಾರೆ.

ಆದರೆ ನಾನು ಆಕೆಗೆ ಒಂದು ಸಂಗತಿ ಹೇಳಿರಲಿಲ್ಲ. ಬಸಪ್ಪ ಆಕೆಗೆ ಜ್ವರದಿಂದ ಹೋದಳು ಎಂದಷ್ಟೇ ಹೇಳಿದ್ದ. ನೀನು ಯಾಕೆ ಸೂಜಿ ಹಾಕಿಸಿಕೊಳ್ಳಲಿಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ. ಹರಕೆ ಹೊತ್ತು ಹಡೆದ ಒಬ್ಬಳೇ ಮಗಳು ಯಾವ ಕೂಸಿಗಾಗಿ ಹೋದಳೋ ಅದೇ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೇನೆ ಎಂದು ತಿಳಿದರೆ... ತಿಳಿದ ಮೇಲೂ ಆಕೆಯ ಕೈ ಇದನ್ನು ಮುಟ್ಟೀತೇ? ಹೇಳದೆ ಆ ಸೇವೆ ತೆಗೆದುಕೊಳ್ಳುವುದು ನನ್ನಿಂದಾಗಲಿಲ್ಲ. ಇವತ್ತು ಬೆಳಿಗ್ಗೆ ಆಕೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎರೆಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬಾವಿಯ ಹಿಂದೆ ನಡುಗಿದ್ದು, ಸಾಹೇಬರಿಗೆ ನಕ್ಕದ್ದು, ಮುದುಕಿಗೆ ಆಣೆ ಹಾಕಿಸಿದ್ದು. ನಿನ್ನವ್ವ ತಲೆ ಎತ್ತದೆ ಇನ್ನೊಂದು ತಂಬಿಗೆ ನೀರು ಹಾಕಿದಳು. ಆಮೇಲೆ ಕೈ ನಿಂತಿತು.

"ಇದನ್ನ ಆಕಿ ಮುಟ್ಟಿದ್ಲೇನು?" ಎಂದಳು.

"ಮುಟ್ಟಿದ್ಲವ್ವಾ. ಕೊನೀಗೆ ಮುಟ್ಟಿದ್ದು ಇದನ್ನ. ನನ್ನ ಹೊಟ್ಟಿ ಮ್ಯಾಲೆ ಕೈ ಇಟಗೊಂಡ ಹೋದ್ಲು."

"ಎಲ್ಲಿ?"

ನಾನು ನನ್ನ ಹೊಟ್ಟೆ ತೋರಿಸಿದೆ.

"ಎಲ್ಲಿ ಮುಟ್ಟಿದ್ಲು? ಇದರ ತಲಿಯೇನು, ಕಾಲೇನು?"

ಒಳಗಿದ್ದದ್ದು ಹೇಗೆ ಮಲಗಿತ್ತೋ ನನಗೇನು ಗೊತ್ತು. ನಿನ್ನ ಕೈ ಇದ್ದ ಜಾಗವನ್ನು ನನ್ನ ಮೈಮೇಲೆ ತಡವಿ ನೋಡಿಕೊಂಡೆ. ಆ ಕಡೆಗೆ ಯಾವಾಗಲೂ ಗಟ್ಟಿಯಾಗಿ, ಗುಂಡಗೆ ಸಿಗುತ್ತಿತ್ತು. "ಬೆನ್ನು ಇರಬೇಕವ್ವಾ" ಎಂದೆ.

ನಿನ್ನವ್ವ ಕೂಸನ್ನು ಮೆಲ್ಲಗೆ ಬೋರಲು ಹಾಕಿದಳು. ಅಂಗೈಯಷ್ಟೇ ಅಗಲದ ಆ ಒದ್ದೆ ಬೆನ್ನಿನ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ಹಂಡೆಯ ನೀರು ಆರುತ್ತ ಬಂದರೂ ಆಕೆ ಕೈ ತೆಗೆಯಲಿಲ್ಲ. ಕೂಸಿಗೆ ಗಾಳಿ ತಾಗೀತೆಂದು ನಾನು ನನ್ನ ದುಪಟ್ಟಾ ತೆಗೆದು, ಆ ಕೈಯನ್ನೂ ಸೇರಿಸಿಯೇ ಹೊದಿಸಿದೆ.

ನಿನ್ನ ಜೋಡಿ,
ಬೀಬವ್ವ